ಕುದುರೆ ಬಂತು, ಕುದುರೆಯವನೆಲ್ಲಿ?

ಕಳೆದ ಮಳೆಗಾಲದ ಕೊನೆಗೆ ಅಂಕೋಲೆಯ ಗೆಳೆಯನೊಬ್ಬ ಫೋನ್ ಮಾಡಿದ್ದ. ಕೊಲ್ಲಿ ದೇಶದಲ್ಲಿ ಹದಿನೈದು ವರ್ಷ ದುಡಿದು ಬಂದು ಅವರ್ಸೆಯ ಕಡೆ ಎರಡೆಕರೆ ತೆಂಗಿನ ತೋಟ ಮಾಡಿಕೊಂಡಿರುವವನು. ಅಲ್ಲಿದ್ದಾಗ ಅವನ ಮಗಳು ಪ್ರದರ್ಶನವೊಂದರಲ್ಲಿ ಮಿನಿಯೇಚರ್ ಕುದುರೆ ನೋಡಿದ್ದಳಂತೆ. ಮೇಜಿನೆತ್ತರದ ಕುದುರೆ, ಮಿರಿಮಿರಿ ಮೈ, ಹಣೆಯ ಮೇಲೆ ಇಳಿಬಿದ್ದ ಜುಟ್ಟು. ಅಂದಿನಿಂದ ಹಿಡಿದ ಹಟ ಬಿಟ್ಟಿಲ್ಲ. "ಮಾರಾಯಾ, ಕುದುರೆ ನೋಡಿ ಆಯ್ತು, ರೇಟಿನ ಮಾತೂ ಮುಗೀತು. ಇನ್ನು ಒಬ್ಬ ಟ್ರೇನರ್ ಸಿಕ್ಕಿದ್ರೆ ಸಾಕು. ನಿಂಗೆ ಯಾರಾದ್ರೂ ಗೊತ್ತಿದ್ರೆ ಹೇಳು" ಅಂದ. ಕಾರು ಕೊಂಡವನು ಸೀಟಿನ ಕವರ್ ಹಾಕುವವನನ್ನು ಹುಡುಕುವ ಧಾಟಿಯಲ್ಲಿತ್ತು ಅವನ ದನಿ.

ನಾನು ಕುದುರೆ ಸಾಕಿದವನಲ್ಲ. ಬೆಂಗಳೂರಿನಲ್ಲಿದ್ದ ಎರಡು ವರ್ಷ, ಮನೆಯ ಹತ್ತಿರವೇ ಇದ್ದ ಒಂದು ಲಾಯದ ಬೇಲಿಗೆ ಆತುಕೊಂಡು ಬೆಳಬೆಳಗ್ಗೆ ನಿಂತವನು, ಅಷ್ಟೇ. ಆದರೂ ಗೆಳೆಯನಿಗೆ ಕೂಡಲೇ ಹೇಳಿದೆ: ಮುಂಗಡ ಕೊಟ್ಟಿಲ್ಲವಾದರೆ ತಡೆ. ಮೊದಲು ಕುದುರೆಯವನನ್ನು ಹುಡುಕು, ಕುದುರೆ ಆಮೇಲೆ ನೋಡೋಣ.

ಅವನಿಗೆ ಇದು ತಲೆಕೆಳಗಿನ ಮಾತಾಗಿ ಕಂಡಿತು. ತಪ್ಪು ಅವನದಲ್ಲ, ನಮ್ಮ ಕರಾವಳಿಗೆ ಅಂಟಿದ ಹಳೇ ಚಾಳಿ ಅದು. ಈ ದಡಕ್ಕೆ ಹಡಗುಗಟ್ಟಲೆ ಕುದುರೆ ಬಂದು ಇಳಿದ ಕಾಲವಿತ್ತು. ಹೊರ್ಮುಜ್, ಏಡನ್‌ಗಳಿಂದ ಬಂದ ಅರಬ್ಬಿ ಕುದುರೆಗಳು ಭಟ್ಕಳದಲ್ಲಿ, ಹೊನ್ನಾವರದಲ್ಲಿ, ಆಮೇಲೆ ಗೋವೆಯಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. 1547ರ ಸೆಪ್ಟೆಂಬರಿನಲ್ಲಿ ಪೋರ್ಚುಗೀಸರಿಗೂ ವಿಜಯನಗರದ ಸದಾಶಿವರಾಯನಿಗೂ ಆದ ಒಪ್ಪಂದದಲ್ಲಿ ಕುದುರೆಯದೇ ದೊಡ್ಡ ಮಾತು: ಗೋವೆಗೆ ಬಂದ ಕುದುರೆಗಳನ್ನು ವಿಜಯನಗರ ಕೊಳ್ಳಬಹುದು, ಬಿಜಾಪುರಕ್ಕೆ ಒಂದೂ ಹೋಗಕೂಡದು. ಅದೇ ಕಾಗದದಲ್ಲಿ ನಮ್ಮ ಅಂಕೋಲೆಯ ಹೆಸರೂ ಇದೆ. ವಿಜಯನಗರದ ಬಟ್ಟೆ ಅಂಕೋಲೆಗೋ ಹೊನ್ನಾವರಕ್ಕೋ ಬರಬೇಕು, ಅಲ್ಲಿ ತಾಮ್ರ, ಹವಳ, ಪಾದರಸ, ಚೀನಾದ ರೇಷ್ಮೆಗೆ ಬದಲಾಗಬೇಕು ಎಂದು. ಇವತ್ತು ಮೀನು ಪೇಟೆಯಲ್ಲಿ ಬಂಗಡೆಯ ದರಕ್ಕೆ ಜಗಳವಾಡುವ ನಾವು ಆಗ ಎಂಥ ವ್ಯಾಪಾರದ ನಡುವೆ ನಿಂತಿದ್ದೆವು ನೋಡಿ.

ಆದರೆ ಆ ವ್ಯಾಪಾರದ ಇನ್ನೊಂದು ಮುಖವನ್ನು ಅದಕ್ಕೂ ಎರಡೂವರೆ ಶತಮಾನ ಮೊದಲೇ ಮಾರ್ಕೊ ಪೋಲೊ ಬರೆದಿಟ್ಟಿದ್ದಾನೆ. ಅವನು ಹೇಳಿದ್ದು ಪೂರ್ವ ಕರಾವಳಿಯ ಮಾಬಾರ್ ದೇಶದ ಮಾತು. ಅಲ್ಲಿನ ಅರಸರು ವರ್ಷಕ್ಕೆ ಸಾವಿರಗಟ್ಟಲೆ ಕುದುರೆ ಕೊಳ್ಳುತ್ತಾರೆ, ವರ್ಷದ ಕೊನೆಗೆ ನೂರು ಉಳಿದರೆ ಹೆಚ್ಚು. ಕಾರಣ, ನೋಡಿಕೊಳ್ಳುವುದು ಗೊತ್ತಿಲ್ಲ. ಕುದುರೆಗೆ ಮಾಂಸ ಬೆರೆಸಿ ಬೇಯಿಸಿದ ಅನ್ನ ಹಾಕುತ್ತಾರೆ ಎಂದೂ ಬರೆದಿದ್ದಾನೆ. ಅದಕ್ಕಿಂತ ಚುಚ್ಚುವ ಮಾತು ಮುಂದಿದೆ: ಕುದುರೆ ತರುವ ವರ್ತಕರು ಕುದುರೆವೈದ್ಯರನ್ನು ತಾವೂ ತರುವುದಿಲ್ಲ, ಬೇರೆಯವರು ಬರುವುದಕ್ಕೂ ಬಿಡುವುದಿಲ್ಲ. ಸತ್ತಷ್ಟೂ ಬೇಡಿಕೆ ತಾನೆ? ಮಾರ್ಕೊ ಪೋಲೊ ಒಂದಕ್ಕೆ ನಾಲ್ಕು ಸೇರಿಸುವ ಪೈಕಿ ಎಂಬುದು ನಿಜ. ಆದರೆ ಈ ಲೆಕ್ಕಾಚಾರ ಮಾತ್ರ ಸುಳ್ಳೆನಿಸುವುದಿಲ್ಲ. ಪೆಟ್ ಶಾಪಿನ ಗಾಜಿನ ಪೆಟ್ಟಿಗೆಯಲ್ಲಿ ಹಸ್ಕಿ ನಾಯಿಮರಿ ಮಾರುವವನೂ ಕಾರವಾರದ ಮೇ ತಿಂಗಳ ಸೆಕೆಯ ಬಗ್ಗೆ ಬಾಯಿ ಬಿಡುವುದಿಲ್ಲವಲ್ಲ.

ವಿಜಯನಗರದವರಿಗೆ ಕುದುರೆಯ ಜೊತೆ ಕುದುರೆಯವನೂ ಬೇಕೆಂಬ ಬುದ್ಧಿ ಇತ್ತು. ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಫೆರ್ನಾವೊ ನೂನಿಜ್ 1530ರ ದಶಕದಲ್ಲಿ ಅಲ್ಲಿದ್ದು ಬರೆದ ವೃತ್ತಾಂತದಲ್ಲಿ ಒಂದು ಲೆಕ್ಕ ಬರುತ್ತದೆ: ಅರಸನ ಬಳಿ ಕುದುರೆಗಳ ಚಾಕರಿಗೆ 1,600 ಜನ, ಅವನ್ನು ಪಳಗಿಸುವುದಕ್ಕೇ ಬೇರೆ 300 ಜನ. ಸಾಳುವ ನರಸಿಂಹನ ಕಾಲದಲ್ಲಿ ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ದುಡ್ಡು ಕೊಡುತ್ತಿದ್ದರಂತೆ ಎಂಬ ಕಥೆಯನ್ನು ಎಲ್ಲರೂ ಬಾಯಿ ಚಪ್ಪರಿಸಿ ಹೇಳುತ್ತಾರೆ. ಈ ಮುನ್ನೂರು ಜನರ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ತೇರಿನ ವರ್ಣನೆಯಲ್ಲಿ ಸನ್ನೆ ಹಾಕುವವನ ಹೆಸರು ಬರುತ್ತದೆಯೇ?

ಕನ್ನಡದಲ್ಲಿ ಈ ಕಸುಬಿಗೆ ಒಂದು ಚೆಂದದ ಹೆಸರಿತ್ತು, ಸಾಹಣಿ. ಶಾಸನಗಳಲ್ಲಿ ಸಾಹಣಿಯರೂ ಮಹಾಸಾಹಣಿಯರೂ ಸಿಗುತ್ತಾರೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಕುದುರೆಯ ಮೇಲೆ ಕೂತು ಚೆಂಡಾಡುವ ವಾಹ್ಯಾಳಿಗೆ ಒಂದು ಅಧ್ಯಾಯವೇ ಇದೆ. ಅಭಿನವಚಂದ್ರನೆಂಬ ಕವಿ ಕನ್ನಡದಲ್ಲೇ 'ಅಶ್ವವೈದ್ಯ' ಬರೆದಿದ್ದಾನೆ. ಇಷ್ಟೆಲ್ಲ ಇದ್ದೂ ಇವತ್ತು ಕಾರವಾರದಿಂದ ಅಂಕೋಲೆಯವರೆಗೆ ಹುಡುಕಿಕೊಂಡು ಹೋದರೆ ಲಾಳ ಕಟ್ಟುವವನೊಬ್ಬ ಸಿಗುವುದು ಕಷ್ಟ. ಮದುವೆಯ ದಿಬ್ಬಣಕ್ಕೆ ಕುದುರೆ ಬೇಕಾದರೂ ಹೊರಗಿನಿಂದಲೇ ಬರಬೇಕು. ದನ, ಎಮ್ಮೆ, ನಾಯಿಯ ಬಗ್ಗೆ ನಮಗೆ ಹೇಳಿಕೊಡಬೇಕಾಗಿಲ್ಲ. ಕುದುರೆಯ ವಿಷಯದಲ್ಲಿ ಮಾತ್ರ ನಾವು ಬರೀ ಬಂದರಿನವರು. ಇಳಿಸಿಕೊಂಡು ಮೇಲೆ ಕಳಿಸಿದವರು.

ಇನ್ನು ಗೆಳೆಯನ ಮಗಳ ಕುದುರೆಗೆ ಬರೋಣ. ಮಿನಿಯೇಚರ್ ಎಂದರೆ ಮರಿಯಲ್ಲ, ಬೆಳೆದೇ ಅಷ್ಟೆತ್ತರ. ಅಮೆರಿಕದಲ್ಲಿ 1978ರಲ್ಲಿ ಶುರುವಾದ ಮಿನಿಯೇಚರ್ ಕುದುರೆ ಸಂಘದ ನಿಯಮದಂತೆ 34 ಇಂಚು, ಅಂದರೆ ಸುಮಾರು 86 ಸೆಂಟಿಮೀಟರ್ ಮೀರಬಾರದು. ನಮ್ಮ ಊಟದ ಮೇಜಿಗಿಂತ ನಾಲ್ಕೈದು ಬೆರಳು ಹೆಚ್ಚು. ಬೇರೆ ಕುದುರೆಗಳನ್ನು ಹೆಗಲಿನ ಏರಿಗೆ ಅಳೆದರೆ ಇವುಗಳನ್ನು ಕೇಸರದ ಕೊನೆಯ ಕೂದಲು ಹುಟ್ಟುವ ಜಾಗಕ್ಕೆ ಅಳೆಯುತ್ತಾರೆ. ತೂಕ ಎಪ್ಪತ್ತರಿಂದ ನೂರು ನೂರಹತ್ತು ಕಿಲೋ. ಸಂತೆಯಲ್ಲಿ ಹೊಟ್ಟೆಗಿಲ್ಲದೆ ಕುಳ್ಳಾದ ಟಟ್ಟುವನ್ನೂ, ತಾಯಿಯ ಹಾಲು ಬಿಡಿಸಿ ತಂದ ಮರಿಯನ್ನೂ "ಮಿನಿಯೇಚರ್ ಸರ್" ಎಂದು ಮಾರುವವರಿದ್ದಾರೆ. ಮರಿ ಎರಡು ವರ್ಷದಲ್ಲಿ ನಿಮ್ಮ ಎದೆಯೆತ್ತರ ಬೆಳೆದು ನಿಂತಾಗ ಮಾರಿದವನ ಫೋನ್ ಸ್ವಿಚ್ ಆಫ್. ನಾನು 'ಕುದುರೆಗೆ ಮೊದಲು ಕುದುರೆಯವನು' ಅನ್ನುವುದಕ್ಕೆ ಇದು ಒಂದನೇ ಕಾರಣ. ಬಲ್ಲವನು ಬಾಯಿ ತೆರೆಸಿ ಹಲ್ಲು ನೋಡಿದರೆ ವಯಸ್ಸು ಹೇಳಿಬಿಡುತ್ತಾನೆ.

ಈ ಕುದುರೆಯ ಬೆನ್ನ ಮೇಲೆ ಕೂರುವ ಹಾಗಿಲ್ಲ. ತೀರ ಪುಟ್ಟ ಮಕ್ಕಳನ್ನು ಕೂರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾದರೆ ಪ್ರದರ್ಶನದಲ್ಲಿ ಮಾಡುವುದೇನು? ಕೆಲವು ಸ್ಪರ್ಧೆಗಳಲ್ಲಿ ನಾಲ್ಕೂ ಕಾಲು ಸಮನಾಗಿ ಊರಿ, ಕತ್ತು ಚಾಚಿ, ಕಿವಿ ಮುಂದೆ ಮಾಡಿ ನಿಲ್ಲಬೇಕು. ಕೆಲವದರಲ್ಲಿ ಪುಟ್ಟ ಗಾಡಿ ಎಳೆಯಬೇಕು. ಕೆಲವದರಲ್ಲಿ ಹಗ್ಗ ಹಿಡಿದವರು ಪಕ್ಕದಲ್ಲಿ ಓಡುತ್ತಿದ್ದರೆ ಇದು ಅಡ್ಡಗೋಲು ಜಿಗಿಯಬೇಕು. ನನಗೆ ಬಹಳ ಇಷ್ಟವಾದದ್ದು 'ಲಿಬರ್ಟಿ' ಎಂಬುದು. ಕಣದೊಳಗೆ ಕುದುರೆಯ ಹಗ್ಗ, ಮೂತಿಪಟ್ಟಿ ಎಲ್ಲ ಬಿಚ್ಚಿಬಿಡುತ್ತಾರೆ. ಸಂಗೀತ ಶುರುವಾಗುತ್ತದೆ. ಒಂದೂವರೆ ನಿಮಿಷ ಅದು ತನ್ನ ಪಾಡಿಗೆ ಕುಣಿಯುತ್ತದೆ, ಬಾಲವೆತ್ತಿ ಓಡುತ್ತದೆ. ಸಂಗೀತ ನಿಂತ ಮೇಲೆ ಗೊತ್ತುಪಡಿಸಿದ ಸಮಯದೊಳಗೆ ಅದನ್ನು ಹಿಡಿದು ಮತ್ತೆ ಪಟ್ಟಿ ತೊಡಿಸಬೇಕು. ಕುಣಿತ ಎಷ್ಟೇ ಚೆಂದವಿರಲಿ, ಹಿಡಿಯಲು ಆಗಲಿಲ್ಲವೋ, ಸ್ಪರ್ಧೆಯಿಂದ ಹೊರಗೆ. ಹೆದರಿಸಿ ಕಲಿಸಿದ ಕುದುರೆ ಆಗ ಕಣದ ಆ ಮೂಲೆಗೆ ಓಡುತ್ತದೆ. ಅಲ್ಲಿಗೆ ಟ್ರೇನರನ ಗುಟ್ಟು ರಟ್ಟು.

ಇಲ್ಲಿ ಮಿನಿಯೇಚರ್ ಕುದುರೆಗೇ ಸೇರಿದ ಒಂದು ಫಜೀತಿ ಇದೆ. ನಾನೂರು ಐನೂರು ಕಿಲೋದ ಕುದುರೆಯನ್ನು ಯಾರೂ ಎಳೆದಾಡಲಾರರು. ಅದಕ್ಕೆ ಕಲಿಸಲೇಬೇಕು. ಕಲಿಸಲು ಬಾರದವನನ್ನು ಅದು ಒಂದೇ ವಾರದಲ್ಲಿ ಒದ್ದು ಆಸ್ಪತ್ರೆಗೆ ಕಳಿಸುತ್ತದೆ. ತೊಂಬತ್ತು ಕಿಲೋದ ಕುದುರೆಯನ್ನಾದರೆ ಗಟ್ಟಿ ಆಳೊಬ್ಬ ದರದರ ಎಳೆದು, ಹಿಂದಿನಿಂದ ನೂಕಿ, ಕಿವಿ ಹಿಂಡಿ ಹೇಗೋ ನಿಲ್ಲಿಸಿಬಿಡಬಹುದು. ಫೋಟೊದಲ್ಲಿ ಚೆಂದ ನಿಂತಂತೆಯೇ ಕಾಣುತ್ತದೆ. ಅಂದರೆ ಕುದುರೆ ಚಿಕ್ಕದಾದಷ್ಟೂ ಕೆಟ್ಟ ಟ್ರೇನರು ಹೆಚ್ಚು ದಿನ ಬಾಳುತ್ತಾನೆ. ಇನ್ನೊಂದು ಕಡೆ, 'ಪಾಪ, ಎಷ್ಟು ಮುದ್ದು' ಎಂದು ಬಿಸ್ಕತ್ತು ತಿನ್ನಿಸಿ ತಿನ್ನಿಸಿ ಕೈ ಕಚ್ಚುವ ಚಾಳಿ ಹತ್ತಿಸಿದವರೂ ಇದ್ದಾರೆ. ಮೇಜಿನೆತ್ತರದ ಪ್ರಾಣಿ ಹಿಂಗಾಲೆತ್ತಿ ಝಾಡಿಸಿದರೆ ಗೊರಸು ತಾಗುವುದು ದೊಡ್ಡವರ ಮೊಣಕಾಲಿಗೆ, ಮಕ್ಕಳಿಗಾದರೆ ಎದೆಗೆ.

ಹಾಗಾದರೆ ಒಳ್ಳೆಯವನನ್ನು ಗುರುತಿಸುವುದು ಹೇಗೆ? ಬೇಲಿಗೆ ಆತುಕೊಂಡು ನಿಂತು ನಾನು ಕಂಡದ್ದನ್ನೇ ಹೇಳುತ್ತೇನೆ. ಆ ಲಾಯದಲ್ಲಿ ಇಬ್ಬರಿದ್ದರು. ಒಬ್ಬರದು ಬೂಟು, ಕ್ಯಾಪು, ಗೋಡೆ ತುಂಬ ಗೆದ್ದ ಕಪ್ಪುಗಳು. ಅವರು ಒಳಗೆ ಕಾಲಿಟ್ಟರೆ ಕುದುರೆಗಳು ಹುಲ್ಲು ಬಿಟ್ಟು ತಲೆಯೆತ್ತುತ್ತಿದ್ದವು. ಒಂದೆರಡು ಹಿಂದಿನ ಮೂಲೆಗೆ ಸರಿಯುತ್ತಿದ್ದವು, ಕಿವಿ ಕತ್ತಿಗೆ ಅಂಟಿಕೊಳ್ಳುತ್ತಿತ್ತು. ಇನ್ನೊಬ್ಬರು ವಯಸ್ಸಾದವರು, ಲಾಯದ ಚಾಕರಿಯ ಸೈಸ್ ಆಗಿ ಸೇರಿ ಮೇಲೆ ಬಂದವರು, ಮೂವತ್ತು ವರ್ಷದ ಸರ್ವಿಸ್. ಅವರು ಬಂದರೆ ಯಾವ ಕುದುರೆಯೂ ಮೇಯುವುದನ್ನು ನಿಲ್ಲಿಸುತ್ತಿರಲಿಲ್ಲ. ಒಂದು ಕಿವಿ ಮಾತ್ರ ಅವರತ್ತ ತಿರುಗುತ್ತಿತ್ತು, ಅಷ್ಟೇ. ನೋಡುವವರಿಗೆ ಮೊದಲನೆಯವರದೇ ದರ್ಬಾರು. ಕುದುರೆಯನ್ನು ಕೇಳಿದ್ದರೆ ಲೆಕ್ಕ ಬೇರೆ ಇರುತ್ತಿತ್ತು.

ಆ ಹಿರಿಯರು ಹೊಸ ಹೆಣ್ಣು ಕುದುರೆಯೊಂದಕ್ಕೆ ಜೊತೆಗೆ ನಡೆಯುವುದನ್ನು ಕಲಿಸುತ್ತಿದ್ದರು. ಹಗ್ಗವನ್ನು ತುಸುವೇ ಬಿಗಿ ಮಾಡುತ್ತಿದ್ದರು, ಬಟ್ಟೆ ಒಣಗಿಸುವ ತಂತಿ ಬಿಗಿಯಿರುತ್ತದಲ್ಲ, ಅಷ್ಟು. ಎಳೆಯುತ್ತಿರಲಿಲ್ಲ, ಹಿಡಿದು ಸುಮ್ಮನೆ ನಿಲ್ಲುತ್ತಿದ್ದರು. ಕುದುರೆ ತಲೆ ಕೊಡವಿತು, ಹಿಂದಕ್ಕೆ ವಾಲಿತು, ಆಕಡೆ ಈಕಡೆ ನೋಡಿತು. ಹಗ್ಗದ ಬಿಗಿ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಕೊನೆಗೆ ಮುಂಗಾಲೊಂದನ್ನು ಅರ್ಧ ಗೇಣು ಮುಂದಿಟ್ಟಿತು. ಆ ಗೊರಸು ನೆಲಕ್ಕೆ ತಾಗುವ ಮೊದಲೇ ಹಗ್ಗ ಸಡಿಲವಾಗಿತ್ತು. ಬೆರಳು ತಾನೇ ಬಿಚ್ಚಿಕೊಂಡಂತೆ. "ಎಳೆಯೋದು ಯಾರಿಗಾದ್ರೂ ಬರುತ್ತೆ ಸಾರ್, ಬಿಡೋದು ಕಲೀಬೇಕು" ಅಂದಿದ್ದರು ಆಮೇಲೆ, ಬೀಡಿ ಹಚ್ಚುತ್ತ. ಕುದುರೆಗೆ ಪಾಠ ಹೇಳುವುದು ಬಿಗಿಯಲ್ಲ, ಅದು ಸಡಿಲುವ ಗಳಿಗೆ. ಆ ಗಳಿಗೆ ಒಂದೆರಡು ಸೆಕೆಂಡು ತಪ್ಪಿದರೆ ಕುದುರೆ ಬೇರೆಯೇ ಪಾಠ ಕಲಿತಿರುತ್ತದೆ. ತಲೆ ಕೊಡವಿದಾಗ ಬಿಟ್ಟರೆ ತಲೆ ಕೊಡವುವುದನ್ನು ಕಲಿಯುತ್ತದೆ.

ಮನುಷ್ಯರ ಮೈಯನ್ನು ಓದುವುದರಲ್ಲಿ ಕುದುರೆ ನಮಗಿಂತ ಜಾಣ. ನೂರಿಪ್ಪತ್ತು ವರ್ಷಗಳ ಹಿಂದೆ ಜರ್ಮನಿಯಲ್ಲಿ ಹಾನ್ಸ್ ಎಂಬ ಕುದುರೆ ಕೂಡಿಸುವ ಕಳೆಯುವ ಲೆಕ್ಕ ಮಾಡುತ್ತದೆ ಎಂದು ದೊಡ್ಡ ಸುದ್ದಿಯಾಗಿತ್ತು. ಉತ್ತರವೆಷ್ಟೋ ಅಷ್ಟು ಸಲ ಗೊರಸು ಕುಟ್ಟುತ್ತಿತ್ತು. ಆಸ್ಕರ್ ಫುಂಗ್ಸ್ಟ್ ಎಂಬಾತ 1907ರಲ್ಲಿ ಪರೀಕ್ಷೆ ಮಾಡಿ ನೋಡಿದರೆ, ಲೆಕ್ಕ ಅದಕ್ಕೆ ಬರುತ್ತಿರಲಿಲ್ಲ. ಕೇಳಿದವನ ತಲೆ ಕೂದಲೆಳೆಯಷ್ಟು ಅಲುಗಿದ್ದನ್ನು ನೋಡಿ ಕುಟ್ಟುವುದು ನಿಲ್ಲಿಸುತ್ತಿತ್ತು. ಉತ್ತರ ಗೊತ್ತಿಲ್ಲದವನು ಪ್ರಶ್ನೆ ಕೇಳಿದರೆ ಹಾನ್ಸ್ ಫೇಲ್. ಇದನ್ನು ನಾನು ಗೆಳೆಯನಿಗೆ ಹೇಳಿದ್ದು ಒಂದು ಕಾರಣಕ್ಕೆ. ಟ್ರೇನರನ ಮುಂದೆ ಗೊಂಬೆಯ ಹಾಗೆ ನಿಲ್ಲುವ ಕುದುರೆ ನಿನ್ನ ಮಗಳ ಕೈಗೆ ಬಂದಾಗ ಏನೂ ಗೊತ್ತಿಲ್ಲದಂತೆ ಮಾಡುತ್ತದೆ. ಅದು ಕಲಿತದ್ದು ಅವನ ಮೈಯ ಭಾಷೆಯನ್ನು. ಅದಕ್ಕಾಗಿ ಕುದುರೆಯ ಜೊತೆ ನಿನ್ನ ಮಗಳಿಗೂ ಕಲಿಸುತ್ತೇನೆ ಅನ್ನುವವನನ್ನು ಹಿಡಿ. "ನೀವು ಬರಬೇಡಿ, ಮೂರು ತಿಂಗಳಾದ ಮೇಲೆ ಬಂದು ಒಯ್ಯಿರಿ" ಅಂದವನಿಗೆ ನಮಸ್ಕಾರ ಹೇಳು.

ಹೇಳದೆ ಕೇಳದೆ ಹೋಗಿ ನಿಲ್ಲುವುದೂ ಒಂದು ಪರೀಕ್ಷೆಯೇ. ಭಾನುವಾರದ ತೋರಿಕೆಗೆ ಎಲ್ಲವೂ ತೊಳೆದಿರುತ್ತದೆ. ಬುಧವಾರ ಮಧ್ಯಾಹ್ನ ಹೋಗಿ. ನೀರಿನ ತೊಟ್ಟಿಯಲ್ಲಿ ಕೈ ಅದ್ದಿ, ಪಾಚಿ ಜಾರುತ್ತದೆಯೇ ನೋಡಿ. ಕುದುರೆಯ ತುಟಿಯ ಮೂಲೆ ನೋಡಿ. ಒರಟು ಕೈಯವನ ಕುದುರೆಗೆ ಕಡಿವಾಣ ಕೊರೆದ ಕಡೆ ಬಿಳಿ ಕಲೆ ಉಳಿದಿರುತ್ತದೆ. ಪ್ರವಾಸಿಗರ ಸೀಸನ್ನಿನಲ್ಲಿ ಒಮ್ಮೆ ಕಡಲ ದಂಡೆಯೊಂದರಲ್ಲಿ ಸವಾರಿ ಕುದುರೆಯೊಂದರ ಬಾಯಿ ನೋಡಿದ್ದೆ, ಮತ್ತೆ ಅದರ ಫೋಟೊ ತೆಗೆಯಲು ಮನಸ್ಸು ಬರಲಿಲ್ಲ. ಮುಳ್ಳಿನ ಕಡಿವಾಣ, ಮುಳ್ಳಿನ ಕೋಲು ಬಳಸಕೂಡದೆಂದು 1965ರ ಎಳೆಯುವ, ಹೊರುವ ಪ್ರಾಣಿಗಳ ನಿಯಮಗಳೇ ಹೇಳುತ್ತವೆ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, 37 ಡಿಗ್ರಿ ದಾಟುವ ಊರಲ್ಲಿ ಹನ್ನೆರಡರಿಂದ ಮೂರರವರೆಗೆ ಕಟ್ಟಿ ದುಡಿಸಬಾರದು ಎಂದೂ ಇದೆ. ಟಿಕೆಟ್ ಇಟ್ಟು ಆಟ ತೋರಿಸುವುದಾದರೆ 2001ರ ನಿಯಮದಂತೆ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯೂ ಬೇಕು. ಇದರ ಬಗ್ಗೆ ಕೇಳಿದಾಗ ಟ್ರೇನರು ಪಿಳಿಪಿಳಿ ನೋಡಿದರೆ ಅಲ್ಲಿಂದ ಹೊರಡಿ.

ಇನ್ನು ನಮ್ಮ ಹವೆ. ಪುಣೆಯಿಂದಲೋ ರಾಜಸ್ಥಾನದಿಂದಲೋ ಬಂದವನು ಎಷ್ಟೇ ದೊಡ್ಡವನಿರಲಿ, ಕಾರವಾರದ ಜೂನ್ ತಿಂಗಳು ಅವನಿಗೆ ಹೊಸದು. ಮೂರು ತಿಂಗಳು ನೆಲ ಒಣಗುವುದಿಲ್ಲ. ಗೊರಸಿನ ಅಡಿ ಮೆತ್ತಗಾಗಿ ಕೊಳೆತು ನಾರುತ್ತದೆ, ಬೆನ್ನ ಮೇಲೆ ಹಕ್ಕಳೆ ಏಳುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕೆತ್ತುವವರು ಬೇಕೇ ಬೇಕು. ಏಪ್ರಿಲ್, ಮೇ ಇನ್ನೂ ಕಷ್ಟ. ಕುದುರೆ ನಮ್ಮ ಹಾಗೆಯೇ ಬೆವತು ಮೈ ತಂಪು ಮಾಡಿಕೊಳ್ಳುವ ಪ್ರಾಣಿ. ಹಸಿ ಸೆಕೆಯ ಊರುಗಳಲ್ಲಿ ಕೆಲವಕ್ಕೆ ಬೆವರುವುದೇ ನಿಂತುಹೋಗುತ್ತದೆ. ಓಡಿಸಿದ ಮೇಲೂ ಮೈ ಒಣಗಿದ್ದು, ಮೂಗಿನ ಹೊಳ್ಳೆ ಅರಳಿಸಿ ಏದುಸಿರು ಬಿಡುತ್ತಿದ್ದರೆ 'ಭಾರೀ ಗಟ್ಟಿ ಕುದುರೆ, ಬೆವರೇ ಇಲ್ಲ' ಎಂದು ಹಿಗ್ಗುವವನಲ್ಲ, ನೆರಳಿಗೆ ಒಯ್ದು ನೀರು ಹೊಯ್ದು ಡಾಕ್ಟರನ್ನು ಕರೆಯುವವನು ಬೇಕು. ವಿದೇಶದ ಪ್ರದರ್ಶನಗಳಿಗೆ ಮುಂಚೆ ಕತ್ತು ತೆಳ್ಳಗೆ ಕಾಣಲೆಂದು ಕುತ್ತಿಗೆಗೆ ರಬ್ಬರಿನಂಥ ಪಟ್ಟಿ ಸುತ್ತಿ ಬೆವರಿಳಿಸುವ ಪದ್ಧತಿಯಿದೆ. ಅದನ್ನು ನೋಡಿ ಕಲಿತವನೊಬ್ಬ ಕಾರವಾರದ ಬೈತಖೋಲದ ಸೆಕೆಯಲ್ಲಿ ಅದೇ ಪಟ್ಟಿ ಬಿಗಿಯಲು ಬಂದರೆ, ಮೊದಲು ಅವನ ಕುತ್ತಿಗೆಗೇ ಒಂದು ತಾಸು ಸುತ್ತಿ ನೋಡಬಹುದು.

ಮೇವಿನ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಜೀವ ಹೋಗುವುದು ಇಲ್ಲಿಯೇ. ಈ ಪುಟ್ಟ ಕುದುರೆ ದಿನಕ್ಕೆ ತಿನ್ನಬೇಕಾದದ್ದು ಒಣ ಲೆಕ್ಕದಲ್ಲಿ ಒಂದೂವರೆಯಿಂದ ಎರಡು ಕಿಲೋ, ಅದರಲ್ಲಿ ಬಹುಪಾಲು ಹುಲ್ಲೇ. ಕುದುರೆಯೆಂದ ಕೂಡಲೇ ನಮ್ಮವರು ಬೋಗುಣಿಗಟ್ಟಲೆ ಹುರುಳಿ ಬೇಯಿಸಿ ಇಡುತ್ತಾರೆ. ಕೊಬ್ಬಿದ ಮಿನಿಯೇಚರಿಗೆ ಗೊರಸಿನೊಳಗೆ ಉರಿಯೂತ ಬಂದು ಹೆಜ್ಜೆಯಿಡಲಾಗದೆ ನಿಲ್ಲುತ್ತದೆ. ಹಾಗೆಂದು ಪ್ರದರ್ಶನಕ್ಕೆ ಹೊಟ್ಟೆ ಇಳಿಸಲು ಉಪವಾಸ ಹಾಕಿದರೆ ಇನ್ನೂ ಅಪಾಯ. ಈ ಜಾತಿಯಲ್ಲಿ ಹೊಟ್ಟೆ ಖಾಲಿಬಿದ್ದರೆ ಮೈಯ ಕೊಬ್ಬೆಲ್ಲ ರಕ್ತಕ್ಕೆ ಇಳಿದು ಪಿತ್ತಜನಕಾಂಗ ಕೆಡುತ್ತದೆ. ಒಂದು ದಿನ ಮೇವು ಮುಟ್ಟದಿದ್ದರೆ ನಾಳೆ ನೋಡೋಣ ಎನ್ನುವಂತಿಲ್ಲ. ಇನ್ನೊಂದು ಮಾತು, ಮನೆಯಲ್ಲಿ ಕೋಳಿ ದನ ಇರುವವರಿಗೆ: ಕೋಳಿ ಆಹಾರದಲ್ಲಿ ಮತ್ತು ಕೆಲವು ದನದ ಆಹಾರದಲ್ಲಿ ಮೊನೆನ್ಸಿನ್‌ನಂಥ ಔಷಧ ಬೆರೆಸಿರುತ್ತಾರೆ. ಕೋಳಿಗೆ ಅದು ಮದ್ದು, ಕುದುರೆಗೆ ಹೃದಯ ಒಡೆಯುವ ವಿಷ. ತೊಂಬತ್ತು ಕಿಲೋದ ಕುದುರೆಗೆ ಚಿಟಿಕೆಯಷ್ಟು ಸಾಕು. ಯಾವ ಟ್ರೇನರಿಗೇ ಆಗಲಿ, ಅವನ ಮೇವಿನ ಕೋಣೆ ತೋರಿಸೆಂದು ಕೇಳಿ. ಕೋಳಿ ಆಹಾರದ ಚೀಲವೂ ಕುದುರೆ ಮೇವಿನ ಚೀಲವೂ ಒಂದೇ ಗೋಡೆಗೆ ಒರಗಿದ್ದರೆ ಕಪ್ಪು, ಮೆಡಲು ನೋಡುವ ಅಗತ್ಯವೇ ಇಲ್ಲ.

ಹಲ್ಲಿನದೂ ಒಂದು ಗೋಳು. ದವಡೆ ಪುಟ್ಟದು, ಹಲ್ಲುಗಳೋ ಅದರ ಅಳತೆಗೆ ದೊಡ್ಡವು. ಒಂದರ ಮೇಲೊಂದು ಏರಿ ಬಾಯೊಳಗೆ ಚುಚ್ಚುತ್ತಿದ್ದರೆ ಕುದುರೆ ಪಟ್ಟಿ ಹಾಕಿಸಿಕೊಳ್ಳದೆ ತಲೆ ಒಗೆಯುತ್ತದೆ. ಅದನ್ನು ಹಟವೆಂದು ತಿಳಿದು ಬಡಿಯುವವರೇ ಹೆಚ್ಚು. ಧನುರ್ವಾಯುವಿನ ಲಸಿಕೆ ಹಾಕಿಸಿದ್ದಾರೆಯೇ, ಗ್ಲ್ಯಾಂಡರ್ಸ್ ಪರೀಕ್ಷೆಯ ಕಾಗದವಿದೆಯೇ ಎಂದು ಕೇಳಬೇಕು. ಗ್ಲ್ಯಾಂಡರ್ಸ್ ಮನುಷ್ಯರಿಗೂ ದಾಟುವ ರೋಗ, ಬಂದರೆ ಸರಕಾರಕ್ಕೆ ತಿಳಿಸಲೇಬೇಕು.

ದುಡ್ಡು, ಕರಾರು. ಇಲ್ಲಿ ನಮ್ಮವರು ಸಂಕೋಚಕ್ಕೆ ಬಿದ್ದು ಕೆಡುತ್ತಾರೆ. 'ಛೇ, ಅಷ್ಟು ದೊಡ್ಡವರನ್ನು ಕಾಗದ ಕೇಳುವುದೇ' ಎಂದು. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಗ್ರೀಕ್ ದೇಶದ ಕ್ಸೆನೊಫನ್ ಕುದುರೆ ಸಾಕುವವರಿಗಾಗಿ ಒಂದು ಪುಸ್ತಕ ಬರೆದ. ಯುದ್ಧ ಮಾಡಿ ಬಂದ ದಳಪತಿ ಅವನು. ಮರಿಯನ್ನು ಪಳಗಿಸುವವನಿಗೆ ಒಪ್ಪಿಸುವಾಗ, ಮಗನನ್ನು ಕಸುಬು ಕಲಿಯಲು ಬಿಡುವಾಗ ಮಾಡುವಂತೆಯೇ ಮಾಡಿ, ತಿರುಗಿ ಕೊಡುವಾಗ ಅದಕ್ಕೆ ಏನೇನು ಬರಬೇಕು ಎಂಬುದನ್ನು ಮೊದಲೇ ಬರೆದುಕೊಳ್ಳಿ ಅನ್ನುತ್ತಾನೆ. ನನಗೆ ಇದಕ್ಕಿಂತ ಒಳ್ಳೆಯ ಸಲಹೆ ಎಲ್ಲೂ ಸಿಕ್ಕಿಲ್ಲ. 'ಟ್ರೇನಿಂಗ್ ಕೊಡುತ್ತೇನೆ' ಅನ್ನುವುದು ಮಾತೇ ಅಲ್ಲ. ನಾಲ್ಕೂ ಕಾಲು ಕೈಗೆ ಕೊಡುತ್ತದೆ, ಟೆಂಪೊ ಹತ್ತಿ ಇಳಿಯುತ್ತದೆ, ಹಗ್ಗ ಸಡಿಲವಿದ್ದರೂ ಜೊತೆಗೆ ನಡೆಯುತ್ತದೆ, ಬಿಟ್ಟರೆ ಕರೆದಾಗ ಬರುತ್ತದೆ, ಇದು ಮಾತು. ಒಳ್ಳೆಯವನು ಇದಕ್ಕೆ ತನ್ನ ಕಡೆಯಿಂದ ಒಂದು ಸಾಲು ಸೇರಿಸುತ್ತಾನೆ: ಇದು ಇಂತಿಷ್ಟು ದಿನದಲ್ಲೇ ಆಗುತ್ತದೆಂದು ಹೇಳಲಾರೆ. ಮೂರು ವರ್ಷ ತುಂಬದ ಕುದುರೆಯನ್ನು 'ಎರಡೇ ತಿಂಗಳಲ್ಲಿ ಗಾಡಿಗೆ ಹೂಡಿಕೊಡುತ್ತೇನೆ' ಅಂದವನಿಗೆ ಎಲುಬು ಬಲಿಯುವ ಲೆಕ್ಕ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಬೇಕಾಗಿಲ್ಲ. ತಿಂಗಳ ಫೀಸಿನಲ್ಲಿ ಮೇವು ಸೇರಿದೆಯೋ ಇಲ್ಲವೋ, ಗೊರಸು ಕೆತ್ತಿಸುವ ಖರ್ಚು ಯಾರದು, ದಿನವೂ ಕುದುರೆಯ ಮೈ ಮುಟ್ಟುವವನು ಟ್ರೇನರೋ ಅಥವಾ ನಿನ್ನೆ ಸೇರಿದ ಹುಡುಗನೋ, ಇವೂ ಕಾಗದಕ್ಕೆ ಬರಲಿ. ಕುದುರೆ ಕೊಡಿಸುವಾಗ ಮಾರುವವನ ಕಡೆಯಿಂದಲೂ ಕೊಳ್ಳುವವನ ಕಡೆಯಿಂದಲೂ ಕಮಿಷನ್ ತಿನ್ನುವ ಚಾಳಿ ಈ ಧಂದೆಯಲ್ಲಿ ಜಗತ್ತಿನಾದ್ಯಂತ ಇದೆ. ಅದನ್ನು ಬಾಯಿಬಿಟ್ಟು ಕೇಳುವುದರಲ್ಲಿ ಅವಮಾನವೇನಿಲ್ಲ. ಮುಖ ಕೆಂಪಾದರೆ ಉತ್ತರ ಸಿಕ್ಕಿತು.

ಟ್ರೇನರನ್ನು ಹುಡುಕಿಕೊಂಡು ಹೋಗುವುದೆಂದರೆ ಸಣ್ಣತನವೇನಲ್ಲ. ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದರು. ಕುದುರೆ ಸವಾರಿಯಲ್ಲಿ ಭಾರತಕ್ಕೆ ವೈಯಕ್ತಿಕ ಪದಕ ಬಂದದ್ದು 1982ರ ನಂತರ ಅದೇ ಮೊದಲು. ತಂದೆಯೇ ಕುದುರೆಗಳ ಡಾಕ್ಟರು, ಮನೆತನದಲ್ಲೇ ಕುದುರೆ. ಆದರೂ ಕಲಿಯಲು ಜರ್ಮನಿಗೆ ಹೋಗಿ ಬೆಟ್ಟಿನಾ ಹೊಯ್, ಆಮೇಲೆ ಸಾಂಡ್ರಾ ಔಫಾರ್ತ್ ಎಂಬ ಒಲಿಂಪಿಕ್ ಸವಾರರ ಕೈಕೆಳಗೆ ದುಡಿದರು. ಸಂಬಳಕ್ಕೆ ಗುರುವನ್ನು ಮನೆಗೆ ಕರೆಸಿಕೊಳ್ಳಲಿಲ್ಲ. ಗುರುವಿನ ಲಾಯಕ್ಕೆ ತಾವೇ ಹೋದರು. ಟೋಕಿಯೊ ಒಲಿಂಪಿಕ್ಸಿನಲ್ಲಿ 23ನೆಯ ಸ್ಥಾನ ಬಂತು.

ಮೊನ್ನೆ ಬಂಡಿಹಬ್ಬಕ್ಕೆ ಅಂಕೋಲೆಗೆ ಹೋದಾಗ ಗೆಳೆಯ ಸಿಕ್ಕ. ಮುಂಗಡದ ದುಡ್ಡು ವಾಪಸು ಬಂದಿಲ್ಲ, ಆ ಬೇಜಾರು ಇನ್ನೂ ಇತ್ತು. ಘಟ್ಟದ ಮೇಲೆ ಒಬ್ಬರನ್ನು ಹುಡುಕಿದ್ದಾನೆ. ಅವರ ಬಳಿ ಎರಡೇ ಟಟ್ಟುಗಳಿವೆ, ಗೆದ್ದ ಕಪ್ಪು ಒಂದೂ ಇಲ್ಲ. ಮೊದಲ ದಿನವೇ ಅವರು ಹೇಳಿದರಂತೆ, ಕುದುರೆ ಆಮೇಲೆ ತಗೊಳ್ಳಿ, ಮಗಳನ್ನು ರಜೆಯಲ್ಲಿ ಕಳಿಸಿ ಎಂದು.

"ಹೋಗಿದ್ಲಾ?"

"ಹೋಗಿದ್ಲು. ಹದಿನೈದು ದಿನ."

"ಏನು ಕಲಿಸಿದ್ರು?"

ಮಗಳು ಪಕ್ಕದಲ್ಲೇ ನಿಂತು ಐಸ್‌ಕ್ಯಾಂಡಿ ಚೀಪುತ್ತಿದ್ದಳು. ಅಪ್ಪನಿಗಿಂತ ಮೊದಲು ಅವಳೇ ಅಂದಳು, "ಲದ್ದಿ ಎತ್ತೂದು ಮಾಮಾ. ಕಡೇ ದಿನ ಹಗ್ಗ ಕೊಟ್ರು."

"ನಡೀತಾ ಅದು?"

"ಇಲ್ಲ. ನಾ ಎಳ್ದೆ, ಅದು ನಿಂತೇಬಿಡ್ತು." ಐಸ್‌ಕ್ಯಾಂಡಿಯ ಕಡ್ಡಿಯನ್ನು ಒಮ್ಮೆ ನೋಡಿದಳು. "ಆಮೇಲೆ ಬಿಟ್ಟೆ. ಬಂತು."